ಹವಳದ ಟ್ಯಾಂಕಿಗೆ ಅಗ್ಗದ ಮರಳು ಯಾವುದು?

ಉಪ್ಪುನೀರಿನ ಟ್ಯಾಂಕ್ ಮಾಡಲು ಹೊರಟವರು ಗಾಜು, ಲೈಟು, ಪಂಪು ಎಲ್ಲ ಕೊಂಡು ಕೈ ಖಾಲಿಯಾದ ಮೇಲೆ ಕೇಳುವ ಪ್ರಶ್ನೆ ಇದು: "ಅಕ್ವೇರಿಯಂ ಮರಳು ಯಾಕಿಷ್ಟು ದುಬಾರಿ? ಈಜುಕೊಳದ ಫಿಲ್ಟರಿಗೆ ಹಾಕುವ ಮರಳು ಹಾಕಿದರೆ ನಡೆಯೋದಿಲ್ವಾ?"

ನಡೆಯುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಲೆಕ್ಕ ಹಾಕಿ. ಮರಳಿನ ಖರ್ಚು ಏರುವುದು ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚು ಸುರಿಯುವುದರಿಂದಲೇ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿಗೆ 3 ಸೆಂ.ಮೀ. ದಪ್ಪ ಮರಳು ಎಂದರೆ 12 ಲೀಟರ್ ಚಿಲ್ಲರೆ. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಅಂದರೆ 18 ಕಿಲೋ. ಬಂಡೆಗಳನ್ನು ಮೊದಲು ತಳದ ಮೇಲೆ ಕೂರಿಸಿ ಸುತ್ತಲೂ ಮರಳು ಹಾಕಿದರೆ 15 ಕಿಲೋದಲ್ಲೇ ಮುಗಿಯಬಹುದು. ಅದೇ ಟ್ಯಾಂಕಿಗೆ 10 ಸೆಂ.ಮೀ. ಹಾಕಲು ಹೊರಟರೆ 60 ಕಿಲೋ. ಅಷ್ಟು ದಪ್ಪದ ಹಾಸಿಗೆ ಬೇಕಾಗುವುದು ತಳದ ಆಮ್ಲಜನಕವಿಲ್ಲದ ಪದರದಲ್ಲಿ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಕಡಿಮೆ ಮಾಡಿಸುವವರಿಗೆ ಮಾತ್ರ. ಒಳ್ಳೆಯ ಬಂಡೆಗಳಿದ್ದು, ಸ್ಕಿಮ್ಮರ್ (ಕೊಳೆಯನ್ನು ನೊರೆಯ ಜೊತೆ ಹೊರತೆಗೆಯುವ ಸಾಧನ) ಸರಿಯಾಗಿ ಓಡುತ್ತಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. ಮರಳೇ ಇಲ್ಲದ ಬರಿ ತಳದಲ್ಲೂ ಹವಳ ಚೆನ್ನಾಗಿ ಬೆಳೆಯುತ್ತದೆ. ಖರ್ಚು ಸೊನ್ನೆ, ನೋಡಲು ಮಾತ್ರ ಸ್ವಲ್ಪ ಬೋಳು.

ಮರಳು ಬೇಕೇ ಬೇಕು ಎನ್ನುವವರಿಗೆ ನನ್ನ ಮೊದಲ ಆಯ್ಕೆ ಒಣ ಅರಗೊನೈಟ್. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಹವಳದ ಅಸ್ಥಿಪಂಜರವೂ ಇದೇ ವಸ್ತು. ನೀರು ತುಂಬಿದ ಚೀಲದಲ್ಲಿ 'ಲೈವ್ ಸ್ಯಾಂಡ್', ಅಂದರೆ ಬ್ಯಾಕ್ಟೀರಿಯಾ ಇರುವ ಮರಳು, ಎಂದು ಮಾರುವುದಕ್ಕೆ ಹೆಚ್ಚು ಕೊಡಬೇಕಿಲ್ಲ. ಅಲ್ಲಿ ನೀವು ನೀರಿನ ತೂಕಕ್ಕೂ ದುಡ್ಡು ಕೊಡುತ್ತಿರುತ್ತೀರಿ. ಲೈವ್ ರಾಕ್ (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿರುವ ಬಂಡೆ) ಇರುವ ಟ್ಯಾಂಕಿನಲ್ಲಿ ಒಣ ಮರಳಿಗೂ ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾ ತಾನಾಗಿ ಹಬ್ಬುತ್ತದೆ. ಇನ್ನು 'ಅರಗೊನೈಟ್ ಕರಗಿ ಪಿಎಚ್ ಕಾಯುತ್ತದೆ, ಕ್ಯಾಲ್ಸಿಯಂ ಕೊಡುತ್ತದೆ' ಎಂಬ ಮಾತನ್ನು ನಂಬಿ ಕೂರಬೇಡಿ. ಪಿಎಚ್ 8ರ ಆಸುಪಾಸಿನಲ್ಲಿರುವ ಟ್ಯಾಂಕ್ ನೀರಿನಲ್ಲಿ ಅದು ಕರಗುವುದೇ ಇಲ್ಲ ಎನ್ನಬೇಕು. ಆಮ್ಲೀಯತೆ ಹೆಚ್ಚಿರುವ ಮರಳಿನ ಆಳದಲ್ಲಿ ಒಂದಿಷ್ಟು ಕರಗೀತು, ಅಷ್ಟೇ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಅಂಶ) ನೀವೇ ಹಾಕಬೇಕು.

ಈಗ ಈಜುಕೊಳದ ಫಿಲ್ಟರ್ ಮರಳಿಗೆ ಬರೋಣ. ಅದು ಬೆಣಚುಕಲ್ಲಿನ, ಅಂದರೆ ಸಿಲಿಕಾದ ಮರಳು. ಸಾಮಾನ್ಯ ದರ್ಜೆಯದು ಅರ್ಧ ಮಿಲಿಮೀಟರ್ ಸುಮಾರಿನ ಕಾಳು, ಒಂದೇ ಅಳತೆಯದು, ಹೆಚ್ಚು ಧೂಳಿಲ್ಲ. ಇದನ್ನು ಹಾಕಿದರೆ ಕಂದು ಡಯಾಟಮ್ ಪಾಚಿ ಮುತ್ತುತ್ತದೆ ಎಂದು ಹೆದರಿಸುವವರು ಬಹಳ. ಡಯಾಟಮ್‌ಗೆ ಬೇಕಾದದ್ದು ನೀರಿನಲ್ಲಿ ಕರಗಿದ ಸಿಲಿಕೇಟ್. ಬೆಣಚು ಉಪ್ಪುನೀರಿನಲ್ಲಿ ಲೆಕ್ಕಕ್ಕೆ ಬರುವಷ್ಟು ಕರಗುವುದಿಲ್ಲ. ಹೊಸ ಟ್ಯಾಂಕಿನಲ್ಲಿ ಮರಳು ಯಾವುದೇ ಇದ್ದರೂ ಆ ಕಂದು ಪೊರೆ ಬಂದು ಹೋಗುತ್ತದೆ. ಹೋಗದೆ ಉಳಿದರೆ ಮೊದಲು ಅನುಮಾನಿಸಬೇಕಾದದ್ದು ನಲ್ಲಿ ನೀರನ್ನು, ಅಥವಾ ಆರ್‌ಒ ಶುದ್ಧೀಕರಣದ ನಂತರ ಉಳಿದ ಲವಣ ಹೀರುವ ಡಿಐ ರಾಳ ಮುಗಿದಿರುವುದನ್ನು.

ಬೆಣಚಿನ ನಿಜವಾದ ತೊಂದರೆ ಬೇರೆಯೇ ಇದೆ, ಅದನ್ನು ಹೇಳುವವರು ಕಡಿಮೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚು 7, ಗಾಜು 5.5ರ ಸುಮಾರು, ಅರಗೊನೈಟ್ 3.5ರಿಂದ 4. ಗಾಜಿನ ಪಾಚಿ ಉಜ್ಜುತ್ತಾ, ಒಳಗೂ ಹೊರಗೂ ಅಂಟಿ ನಿಲ್ಲುವ ಉಜ್ಜುವ ಮ್ಯಾಗ್ನೆಟ್ಟನ್ನು ಕೆಳಗೆ ತರುತ್ತೀರಿ. ಮರಳಿಗೆ ತಾಗುವ ಹೊತ್ತಿಗೆ ಒಂದೇ ಒಂದು ಕಾಳು ಅದರ ಅಡಿ ಸಿಕ್ಕಿಕೊಳ್ಳುತ್ತದೆ. ಮೇಲೆ ಎಳೆದಾಗ 'ಕಿರ್' ಎಂಬ ಸದ್ದು, ಗಾಜಿನ ಮೇಲೆ ಅಳಿಸಲಾಗದ ಗೀರು. ಅರಗೊನೈಟ್ ಕಾಳಾದರೆ ಗಾಜಿಗಿಂತ ಮೊದಲು ತಾನೇ ಸವೆಯುತ್ತದೆ. ಅಕ್ರಿಲಿಕ್ ಟ್ಯಾಂಕಿಗೆ ಎರಡೂ ಶತ್ರುಗಳೇ. ಹಾಗಾಗಿ ಬೆಣಚು ಹಾಕಿದವರು ಮರಳಿನಿಂದ ಎರಡು ಬೆರಳು ಮೇಲೆಯೇ ಮ್ಯಾಗ್ನೆಟ್ ನಿಲ್ಲಿಸಿ, ಉಳಿದ ಪಟ್ಟಿಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯುವುದು ಲೇಸು. ಒಣ ಬೆಣಚಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಚೀಲ ಬಿಚ್ಚುವಾಗ ಮಾಸ್ಕ್ ಹಾಕಿ, ಸುರಿಯುವ ಮೊದಲು ನೀರು ಚಿಮುಕಿಸಿ.

ಮರಳು ಎಂಥದೆಂದು ಗೊತ್ತಿಲ್ಲದಿದ್ದರೆ ಒಂದು ಚಮಚದ ಮೇಲೆ ವಿನೆಗರ್ ಹಾಕಿ ನೋಡಿ. ಗುಳ್ಳೆ ಬಂದರೆ ಕಾರ್ಬೊನೇಟ್ ಇದೆ. ಬರದಿದ್ದರೆ ಬೆಣಚು ಇರಬಹುದು, ಬೇರೇನೋ ಇರಬಹುದು. ಆಮೇಲೆ ಒಂದು ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರಳಿನಲ್ಲಿ ಆಡಿಸಿ. ಕಪ್ಪು ಪುಡಿ ಮೆತ್ತಿಕೊಂಡರೆ ಕಬ್ಬಿಣದ ಅಂಶವಿದೆ, ಬಿಟ್ಟುಬಿಡಿ. ಮೂರನೆಯ ಪರೀಕ್ಷೆಗೆ ಮೂರು ದಿನ ಬೇಕು: ಒಂದು ಲೀಟರ್ ಉಪ್ಪುನೀರಿಗೆ ಒಂದು ಲೋಟ ತೊಳೆದ ಮರಳು ಹಾಕಿ, ಪಕ್ಕದಲ್ಲಿ ಬರೀ ಉಪ್ಪುನೀರಿನ ಇನ್ನೊಂದು ಪಾತ್ರೆ ಇಟ್ಟು, ಎರಡರ ಫಾಸ್ಫೇಟ್ ಹೋಲಿಸಿ. ಮರಳಿನ ಪಾತ್ರೆಯಲ್ಲಿ ಹೆಚ್ಚು ಬಂದರೆ ಆ ಚೀಲ ಬೇಡ.

ಮರಳು ಹಾಯಿಸಿ ತುಕ್ಕು ತೆಗೆಯಲು ಬಳಸುವ 'ಬ್ಲಾಸ್ಟಿಂಗ್' ಪುಡಿಯಲ್ಲಿ ತಾಮ್ರದ ಕಿಟ್ಟದಿಂದ ಮಾಡಿದ್ದೂ ಇರುತ್ತದೆ. ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಅಗ್ಗವೆಂದು ಅದರ ಹತ್ತಿರ ಹೋಗಬೇಡಿ. ಕಟ್ಟಡದ ಮರಳಿನಲ್ಲಿ ಜೇಡಿ ಸೇರಿರುತ್ತದೆ. ಹಳೆ ಟ್ಯಾಂಕ್ ಮುಚ್ಚುವವರು ಬಿಟ್ಟಿ ಕೊಡುವ ಅರಗೊನೈಟೂ ಬೇಡ: ಕಾರ್ಬೊನೇಟ್ ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ನಿಮ್ಮ ನೀರಿಗೆ ನಿಧಾನಕ್ಕೆ ಬಿಡುತ್ತದೆ. ಪುಡಿ ಮಾಡಿದ ಹವಳದ ಚೂರು ಅಗ್ಗವೇನೋ ಹೌದು, ಆದರೆ 3-5 ಮಿ.ಮೀ. ಚೂರುಗಳ ಸಂದಿಗೆ ಕಸ ಇಳಿದು ಕೊಳೆತು ನೈಟ್ರೇಟ್ ಏರುತ್ತದೆ. ವಾರವಾರವೂ ಸೈಫನ್ ಹಾಕಿ ತೊಳೆಯುವ ತಾಳ್ಮೆಯಿದ್ದರೆ ಮಾತ್ರ ಅದು.

ಕಾಳಿನ ಗಾತ್ರದಲ್ಲಿ ತಪ್ಪಿದರೆ ಉಳಿಸಿದ ದುಡ್ಡೆಲ್ಲ ನೀರಿಗೆ ಹೋದಂತೆ. ಸಕ್ಕರೆಗಿಂತ ಸಣ್ಣ ಮರಳು ಜೋರು ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪು) ಎದುರು ನಿಲ್ಲುವುದಿಲ್ಲ. ಒಂದು ಮೂಲೆ ಬೋಳಾಗಿ ಇನ್ನೊಂದರಲ್ಲಿ ದಿಬ್ಬವಾಗುತ್ತದೆ, ಹವಳದ ಮೇಲೂ ಕೂರುತ್ತದೆ. ಹೆಚ್ಚು ಹರಿವು ಬೇಡುವ ಹವಳಗಳಿಗೆ 1-2 ಮಿ.ಮೀ. ಸರಿ. ರಾತ್ರಿ ಮರಳೊಳಗೆ ಹೂತು ಮಲಗುವ ರಾಸ್ ಮೀನು, ಮರಳನ್ನು ಬಾಯಲ್ಲಿ ಜಾಲಿಸುವ ಗೋಬಿ ಮೀನು ಇದ್ದರೆ ಸಣ್ಣ ಕಾಳೇ ಬೇಕು, ರಾಸ್‌ಗಂತೂ 5 ಸೆಂ.ಮೀ. ದಪ್ಪವಿರಲಿ.

ತೊಳೆಯುವಾಗ ಬಕೆಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮರಳು ತುಂಬಬೇಡಿ. ಪೈಪನ್ನು ತಳಕ್ಕೆ ಚುಚ್ಚಿ ನೀರು ಬಿಟ್ಟು, ಕೈಯಿಂದ ಕಲಕಿ, ಬಗ್ಗಿಸಿ. ಮೊದಮೊದಲು ಅಕ್ಕಚ್ಚಿನಂಥ ನೀರು ಬರುತ್ತದೆ, ಎಂಟು ಹತ್ತು ಸಲಕ್ಕೆ ತಳದ ಕಾಳು ಕಾಣುವಷ್ಟು ತಿಳಿಯಾಗುತ್ತದೆ. ಕೊನೆಯ ಸಲ ಆರ್‌ಒ ನೀರು. ಟ್ಯಾಂಕಿನಲ್ಲಿ ಆಗಲೇ ನೀರಿದ್ದರೆ ಅಗಲದ ಪಿವಿಸಿ ಪೈಪನ್ನು ತಳಕ್ಕೆ ತಾಗುವಂತೆ ಇಳಿಸಿ, ಮೇಲಿನಿಂದ ಒಂದೊಂದೇ ಲೋಟ ಸುರಿಯಿರಿ. ಬಂಡೆ ಮಾತ್ರ ಮೊದಲೇ ಗಾಜಿನ ಮೇಲೆ ಕೂತಿರಬೇಕು. ಮರಳಿನ ಮೇಲೆ ಕೂತ ಬಂಡೆಯ ಬುಡವನ್ನು ಪಿಸ್ತೂಲ್ ಸೀಗಡಿ ಕೊರೆದರೆ ಇಡೀ ರಾಶಿ ಗಾಜಿಗೆ ಒರಗುತ್ತದೆ. ಪವರ್‌ಹೆಡ್‌ಗಳನ್ನು ಕೆಲವು ಗಂಟೆ ನಿಲ್ಲಿಸಿ, ಒಂದೆರಡು ದಿನ ಫಿಲ್ಟರ್ ಬಟ್ಟೆಯನ್ನು ಆಗಾಗ ಬದಲಿಸುತ್ತಿರಿ. ಬಂಡೆಯ ಮೇಲೆ ಕೂತ ಪುಡಿಯನ್ನು ನೀರಿನ ಪಿಚಕಾರಿಯಿಂದ ಊದಿ ಹಾರಿಸಿದರೆ ಸಾಕು.