ಹಡಗು ಬಂದರಿಗೇ ಹೋಗದಿದ್ದರೆ ಹೊರಗಿನ ಟೂರ್ ದುಡ್ಡು ಏನಾಗುತ್ತೆ?

‘ಹಡಗು ನಿಲ್ಲುವ ಊರು ನೋಡಲು ಹಡಗಿನವರ ಬದಲು ಹೊರಗಿನವರ ಹತ್ತಿರ ಟೂರ್ ಬುಕ್ ಮಾಡಿದರೆ ರಿಸ್ಕ್ ಅಲ್ವಾ?’ ಕ್ರೂಸ್ ಟಿಕೆಟ್ ಕೈಗೆ ಬಂದವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಯಾವ ರಿಸ್ಕ್? ಮೊದಲು ಅದನ್ನು ಹೇಳಿ. ಹಡಗು ಬಂದರಿಗೆ ಹೋಗದೇ ಇರುವುದು ಒಂದು, ನೀವು ಹಡಗು ತಪ್ಪಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಹೆಚ್ಚೆಂದರೆ ಟೂರಿನ ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಮುಂದಿನ ಬಂದರಿನವರೆಗೆ ವಿಮಾನ, ಹೋಟೆಲ್, ಕೆಲವೊಮ್ಮೆ ವೀಸಾದ ತಾಪತ್ರಯ, ಎಲ್ಲವೂ ನಿಮ್ಮ ತಲೆಗೆ. ಇವೆರಡನ್ನೂ ಕಲಸಿಕೊಂಡು ಹೆದರಿದವರು ಹಡಗಿನವರು ಹೇಳಿದ ಬೆಲೆಗೆ ಎಲ್ಲ ಊರಿಗೂ ಟೂರ್ ಕೊಳ್ಳುತ್ತಾರೆ. ಹೆದರದವರು ಏನನ್ನೂ ಓದದೆ ಪೂರ್ತಿ ದುಡ್ಡು ಕಟ್ಟುತ್ತಾರೆ. ಎರಡೂ ಬೇಡ.

ಬಂದರಿಗೆ ಹೋಗದೆ ಮುಂದೆ ಸಾಗುವ ಹಕ್ಕು ಕ್ಯಾಪ್ಟನ್‌ಗೆ ಇದೆ ಎಂದು ಟಿಕೆಟ್ಟಿನ ಕರಾರಿನಲ್ಲೇ ಬರೆದಿರುತ್ತದೆ. ಹಾಗಾದಾಗ ಹಡಗಿನಲ್ಲಿ ಕೊಂಡ ಟೂರಿನ ಹಣ ತಾನಾಗಿ ವಾಪಸ್ ಬರುತ್ತದೆ. ಹೊರಗೆ ಕೊಂಡದ್ದಕ್ಕೆ ಹಡಗಿನವರು ಹೊಣೆಯಲ್ಲ, ಆ ಟೂರಿನವರ ಷರತ್ತೇ ಅಂತಿಮ. ‘24 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್’ ಎಂಬುದನ್ನು ನೋಡಿ ಸಮಾಧಾನಪಡುವವರೇ ಹೆಚ್ಚು. ಈ ವಿಷಯದಲ್ಲಿ ಆ ಸಾಲನ್ನು ನೆಚ್ಚಬೇಡಿ. ಗಾಳಿ ಜೋರಾಗಿದೆ, ಇಲ್ಲಿ ನಿಲ್ಲುವುದಿಲ್ಲ ಎಂದು ಕ್ಯಾಪ್ಟನ್ ಹೇಳುವುದು ಸಾಮಾನ್ಯವಾಗಿ ಅದೇ ಬೆಳಿಗ್ಗೆ, ಹಡಗು ಬಂದರಿನ ಬಾಯಿಗೆ ಬಂದ ಮೇಲೆ. ನಿಮಗೆ ಬೇಕಾದದ್ದು ‘ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್’ ಎಂಬ ಮಾತು. ಹಡಗಿನ ಪ್ರಯಾಣಿಕರನ್ನೇ ನಂಬಿ ಬದುಕುವ ಟೂರಿನವರಲ್ಲಿ ಬಹಳಷ್ಟು ಜನ ಇದನ್ನು ಬರೆದುಕೊಡುತ್ತಾರೆ. ಬರೆದುಕೊಡದವರಿಗೆ ಮುಂಗಡ ಕೊಡಬೇಡಿ.

ಎಲ್ಲ ಬಂದರುಗಳೂ ಒಂದೇ ಅಲ್ಲ. ಧಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ತಾಗಿ ನಿಲ್ಲಲಾಗದೆ ಹಡಗು ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುವ ಕಡೆ ಅಪಾಯ ಹೆಚ್ಚು. ಗ್ರೀಸ್‌ನ ಸ್ಯಾಂಟೊರಿನಿ, ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್, ಫಾಕ್‌ಲ್ಯಾಂಡ್ಸ್‌ನ ಸ್ಟ್ಯಾನ್ಲಿ ಇಂಥವು. ಅಲೆ ಸ್ವಲ್ಪ ಎದ್ದರೂ ದೋಣಿಗೆ ಇಳಿಯುವುದು ಕಷ್ಟ. ಇಂಥಲ್ಲಿ ಅದೇ ದಿನ ಹಣ ತೆಗೆದುಕೊಳ್ಳುವವರನ್ನೇ ಹುಡುಕಿ. ಧಕ್ಕೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಅಲ್ಲ. ಈಗಿನ ಹಡಗುಗಳ ಎತ್ತರದ ಮೈ ಗಾಳಿಗೆ ಹಾಯಿಯಂತೆ ಸಿಗುತ್ತದೆ, ಅಡ್ಡಗಾಳಿ ಜೋರಾದರೆ ಧಕ್ಕೆಗೆ ತರಲಾಗುವುದಿಲ್ಲ.

ಇಷ್ಟನ್ನೇ ಎಲ್ಲರೂ ಕೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಇದು: ಹಡಗು ಬಂತು, ಆದರೆ ಮೂರು ಗಂಟೆ ತಡವಾಗಿ ಬಂತು. ಆಗ? ಮಂಜು ಕವಿದಿರಬಹುದು, ರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದಿರಬಹುದು, ದಡದ ಅಧಿಕಾರಿಗಳ ಅನುಮತಿ ತಡವಾಗಿರಬಹುದು. ಎಂಟಕ್ಕೆ ಬರಬೇಕಾದದ್ದು ಹನ್ನೊಂದಕ್ಕೆ ಬಂದರೆ, ಎಂಟೂವರೆಯ ನಿಮ್ಮ ಬಸ್ಸು ಹೋಗಿಯಾಗಿದೆ. ಹಡಗು ‘ಬಂದಿದೆ’ಯಾದ್ದರಿಂದ ಮೇಲಿನ ಷರತ್ತು ಕೆಲಸಕ್ಕೆ ಬರುವುದಿಲ್ಲ. ಬಂದರುಗಳ ಸರದಿ ಬದಲಾಗಿ ಮಂಗಳವಾರದ ಊರು ಗುರುವಾರಕ್ಕೆ ಹೋದರೂ ಇದೇ ಪಾಡು. ಅದಕ್ಕೇ ಬುಕ್ ಮಾಡುವ ಮೊದಲು ಹಡಗಿನ ಹೆಸರು, ದಿನಾಂಕ, ಬರುವ ಹೊರಡುವ ಸಮಯ ಹಾಕಿ ಇಮೇಲ್ ಬರೆಯಿರಿ: ತಡವಾದರೆ ಕಾಯುತ್ತೀರಾ, ದಿನ ಬದಲಾದರೆ ಏನು, ನಿಲ್ಲುವ ಸಮಯ ಕಡಿಮೆಯಾದರೆ ಟೂರ್ ಮೊಟಕು ಮಾಡಿ ಉಳಿದ ಹಣ ಕೊಡುತ್ತೀರಾ? ನಿಮ್ಮೊಬ್ಬರಿಗೇ ಗೊತ್ತುಮಾಡಿದ ಕಾರು ಕಾಯಬಹುದು. ಬೇರೆ ಹಡಗಿನವರೂ ಇರುವ ಬಸ್ಸು ಕಾಯಲಾರದು.

ಟೆಂಡರ್ ಇರುವಲ್ಲಿ ಹಡಗಿನ ಟೂರಿನವರನ್ನೇ ಮೊದಲು ಇಳಿಸುವುದು ವಾಡಿಕೆ. ಲಂಗರು ಬಿದ್ದ ಒಂದೂವರೆ ಗಂಟೆಯ ನಂತರಕ್ಕೆ ನಿಮ್ಮ ಟೂರ್ ಇಟ್ಟುಕೊಳ್ಳಿ. ಸ್ಯಾಂಟೊರಿನಿಯಲ್ಲಿ ಟೆಂಡರ್ ಬಿಡುವುದು ಫಿರಾ ಊರಿನ ಬುಡದ ಹಳೆ ಬಂದರಿನಲ್ಲಿ. ಅಲ್ಲಿಂದ ಕೇಬಲ್ ಕಾರು, ಇಲ್ಲವೇ ಸುಮಾರು 600 ಮೆಟ್ಟಿಲು. ಸಂಜೆ ಇಳಿಯುವಾಗ ಕೇಬಲ್ ಕಾರಿನ ಸರತಿ ಉದ್ದವಿರುತ್ತದೆ, ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಹಡಗು ತಪ್ಪುವ ಮಾತು. ಹಡಗಿನ ಸ್ವಂತ ಟೂರ್ ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುತ್ತಾರೆ. ಹೊರಗಿನ ಟೂರಿಗೆ ಹೋದ ನಿಮಗಾಗಿ ಕಾಯುವುದಿಲ್ಲ. ಹಡಗು ಹೊರಡುವ ಸಮಯವಲ್ಲ, ಎಲ್ಲರೂ ಹತ್ತಿರಬೇಕಾದ ಸಮಯ ನೋಡಿ, ಅದು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ ಇರುತ್ತದೆ. ಅದಕ್ಕೂ ಒಂದೂವರೆ ಗಂಟೆ ಮುಂಚೆ ಬಂದರಿನಲ್ಲಿರಿ. ಬಂದರಿನಿಂದ ಊರು ದೂರವೂ ಇರಬಹುದು: ಹಡಗು ನಿಲ್ಲುವ ಚಿವಿಟಾವೆಕ್ಕಿಯಾದಿಂದ ರೋಮ್ ಸುಮಾರು 80 ಕಿ.ಮೀ., ಲೆ ಆವ್ರ್‌ನಿಂದ ಪ್ಯಾರಿಸ್ ಸುಮಾರು 200. ಪ್ಯಾರಿಸ್ಸಿಗಾದರೆ ಹಡಗಿನ ಟೂರನ್ನೇ ಕೊಳ್ಳಿ, ಆ ದೂರಕ್ಕೆ ಅದರ ಬೆಲೆ ಸರಿಯೇ.

ಗಡಿಯಾರವನ್ನು ಮೊಬೈಲಿಗೆ ಬಿಡಬೇಡಿ. ಕೊಜುಮೆಲ್ ದ್ವೀಪ ಇರುವ ಮೆಕ್ಸಿಕೊದ ಕಿಂಟಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಅಮೆರಿಕದ ಮಯಾಮಿಯಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ಹಡಗು ಮಯಾಮಿ ಸಮಯದಲ್ಲೇ ಇದ್ದರೆ, ಊರಿನ ಸಮಯ ಹಿಡಿಯುವ ನಿಮ್ಮ ಫೋನು ಒಂದು ಗಂಟೆ ಹಿಂದೆ ತೋರಿಸುತ್ತದೆ. ಫೋನಿನಲ್ಲಿ ಮೂರು ಗಂಟೆ, ಹಡಗಿನಲ್ಲಿ ನಾಲ್ಕು. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು, ಟೂರಿನವರು ಹೇಳಿದ ಸಮಯ ಯಾವುದೆಂದು ಕೇಳಿ ಖಚಿತಪಡಿಸಿಕೊಳ್ಳಿ. ಹಡಗಿನ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟರ, ಅಂದರೆ ದಡದಲ್ಲಿ ಹಡಗಿನ ಪರವಾಗಿ ಕೆಲಸ ಮಾಡುವವರ, ನಂಬರ್ ಸಾಮಾನ್ಯವಾಗಿ ಇರುತ್ತದೆ, ಅದರ ಫೋಟೋ ತೆಗೆದುಕೊಂಡೇ ಇಳಿಯಿರಿ.

ಬಂದರು ರದ್ದು ಎಂದು ಘೋಷಿಸಿದ ತಕ್ಷಣ ಹಡಗಿನ ವೈಫೈಗೆ ದುಡ್ಡು ಕೊಟ್ಟಾದರೂ ಟೂರಿನವರಿಗೆ ಸಂದೇಶ ಕಳಿಸಿ. ಅಷ್ಟು ಹೊತ್ತಿಗೆ ಗೈಡ್ ಮನೆಯಿಂದ ಹೊರಟಿರುತ್ತಾರೆ. ಆಮೇಲೆ ಗೆಸ್ಟ್ ಸರ್ವೀಸಸ್ ಕೌಂಟರಿನಲ್ಲಿ ಬಂದರು ರದ್ದಾದ ದಿನಾಂಕ, ಕಾರಣ ಇರುವ ಪತ್ರ ಕೇಳಿ ಪಡೆಯಿರಿ. ಇನ್ಶೂರೆನ್ಸಿನವರು ಮೊದಲು ಕೇಳುವುದು ಅದನ್ನೇ, ಊರಿಗೆ ಬಂದ ಮೇಲೆ ಅದನ್ನು ತರಿಸಿಕೊಳ್ಳುವುದು ಸುಲಭವಲ್ಲ.