ಸೊಂಟದ ಕೀಲು ಟಕ್ ಎಂದಾಗ ನಾನು ಮೊದಲು ನೋಡುವುದು

ಫಿಸಿಯೋಥೆರಪಿ ಓದು ಮುಗಿಸಿ ಹೊಸದಾಗಿ ನಮ್ಮ ಚಿಕಿತ್ಸಾಲಯಕ್ಕೆ ಬರುವವರಿಗೆ ನಾನು ಒತ್ತಿ ಹೇಳುವ ಮಾತೊಂದಿದೆ. ಸೊಂಟದ ಕೀಲಿನಲ್ಲಿ ಸದ್ದು ಬರುತ್ತದೆ ಎಂದು ಬಂದವರ ಸದ್ದಿಗೆ ಚಿಕಿತ್ಸೆ ಕೊಡಲು ಹೊರಡಬೇಡಿ. ನೋವಿದೆಯೇ, ಎಲ್ಲಿದೆ, ಯಾವ ಚಲನೆಯಲ್ಲಿ ಬರುತ್ತದೆ, ಅದು ಶುರುವಾಗುವ ಮುಂಚಿನ ಒಂದೆರಡು ತಿಂಗಳಲ್ಲಿ ಅವರ ದಿನಚರಿಯಲ್ಲಿ ಏನು ಬದಲಾಯಿತು, ಇವನ್ನು ಕೇಳಿ. ಸದ್ದು ಬರುವುದೇ ರೋಗವಾಗಿದ್ದರೆ ನೃತ್ಯ ಕಲಿಯುವವರೆಲ್ಲ ರೋಗಿಗಳಾಗಿರುತ್ತಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 87 ಮಂದಿ ನುರಿತ ಬ್ಯಾಲೆ ನರ್ತಕರನ್ನು ವಿಚಾರಿಸಿದಾಗ ಶೇಕಡ 91ರಷ್ಟು ಜನ ತಮ್ಮ ಸೊಂಟದ ಕೀಲು ಟಕ್ ಎನ್ನುತ್ತದೆ ಎಂದಿದ್ದರು. ಜೊತೆಗೆ ನೋವೂ ಇದೆ ಎಂದವರು ಶೇಕಡ 58. ಉಳಿದವರು ಆ ಸದ್ದಿನೊಡನೆ ಆರಾಮವಾಗಿ ಕುಣಿಯುತ್ತಿದ್ದರು.

ಸ್ನ್ಯಾಪಿಂಗ್ ಹಿಪ್ ಎಂದು ಕರೆಯುವ ಈ ತೊಂದರೆಯಲ್ಲಿ ಮೂಳೆ ಜಾರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬರುವವರಲ್ಲಿ ಹೆಚ್ಚಿನವರು ಕೀಲು ತಪ್ಪಿದೆ ಎಂದೇ ನಂಬಿರುತ್ತಾರೆ. ಅದನ್ನು ಕೂರಿಸಲೆಂದು ಕಾಲು ಎಳೆಸಿಕೊಂಡು, ಎಣ್ಣೆ ಹಾಕಿ ತಿಕ್ಕಿಸಿಕೊಂಡು, ಇದ್ದ ನೋವನ್ನು ಹೆಚ್ಚಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಜಾರುವುದು ಮೂಳೆಯ ಮೇಲೆ ಹಾದುಹೋಗುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅಥವಾ ಗಟ್ಟಿ ಪೊರೆಯ ಪಟ್ಟಿ. ಬಾವಿಯ ರಾಟೆಯಲ್ಲಿ ಬಿಗಿದ ಹಗ್ಗ ಅಂಚಿನಿಂದ ನಡುವಿನ ತಗ್ಗಿಗೆ ಬಿದ್ದಾಗ ಹೇಗೆ ಸದ್ದಾಗುತ್ತದೆಯೋ ಹಾಗೆ.

ಎಲ್ಲಿ ಜಾರುತ್ತದೆ ಎಂಬುದನ್ನು ರೋಗಿಯ ಕೈಯೇ ತೋರಿಸುತ್ತದೆ. ತೊಡೆಸಂದಿನ ಆಳಕ್ಕೆ ಬೆರಳು ಒತ್ತಿ ತೋರಿಸಿದರೆ ಅದು ಇಲಿಯೋಸೋವಾಸ್ ಸ್ನಾಯುವಿನ ರಜ್ಜು. ಬೆನ್ನೆಲುಬಿನ ಕೆಳಭಾಗದಿಂದಲೂ ಸೊಂಟದೆಲುಬಿನ ಒಳಗೋಡೆಯಿಂದಲೂ ಹೊರಟು, ಕೀಲಿನ ಮುಂಭಾಗದಲ್ಲಿ ಇಳಿದು, ತೊಡೆಮೂಳೆಯ ಒಳಗುಬ್ಬಿಗೆ ಅಂಟಿಕೊಳ್ಳುವ ಸ್ನಾಯು ಅದು. ಅಂಗೈಯನ್ನು ಪಕ್ಕದಲ್ಲಿ, ತೊಡೆಮೂಳೆಯ ಹೊರಗುಬ್ಬಿನ ಮೇಲೆ ಇಟ್ಟು ‘ಇಲ್ಲಿ ಕೀಲೇ ಹೊರಬಂದಂತಾಗುತ್ತದೆ’ ಎಂದರೆ ಅದು ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಇಲಿಯೋಟಿಬಿಯಲ್ ಪಟ್ಟಿ. ಒಳಗಿನದು ಕೋಣೆಯ ಆಚೆಗೂ ಕೇಳಿಸುತ್ತದೆ, ಹೊರಗಿನದು ಕೋಣೆಯ ಆಚೆಯಿಂದಲೂ ಕಾಣಿಸುತ್ತದೆ ಎಂದು ನಮ್ಮ ವೃತ್ತಿಯಲ್ಲಿ ಹೇಳುವುದುಂಟು. ಅನುಭವದಲ್ಲಿ ಅದು ಬಹುಮಟ್ಟಿಗೆ ನಿಜ.

ಪರೀಕ್ಷೆಯೂ ಸರಳ. ಅಂಗಾತ ಮಲಗಿಸಿ, ಮಂಡಿಯನ್ನು ಮಡಿಸಿ ಹೊರಕ್ಕೆ ತೆರೆದ ಕಾಲನ್ನು ನಿಧಾನವಾಗಿ ನೇರಕ್ಕೆ, ಒಳಕ್ಕೆ ತರುತ್ತೇನೆ. ಟಕ್ ಎಂದರೆ, ಎರಡನೆಯ ಬಾರಿ ತೊಡೆಸಂದಿನಲ್ಲಿ ರಜ್ಜುವಿನ ಮೇಲೆ ಬೆರಳೊತ್ತಿ ಅದೇ ಚಲನೆ ಮಾಡಿಸುತ್ತೇನೆ. ಒತ್ತಡಕ್ಕೆ ಸದ್ದು ನಿಂತರೆ ಮೂಲ ಸಿಕ್ಕಿತು. ಹೊರಬದಿಯದಾದರೆ ಪಕ್ಕಕ್ಕೆ ಮಲಗಿಸಿ, ಹೊರಗುಬ್ಬಿನ ಮೇಲೆ ಕೈಯಿಟ್ಟು ಮೇಲಿನ ಕಾಲನ್ನು ಹಿಂದೆ ಮುಂದೆ ಆಡಿಸಿದರೆ ಪಟ್ಟಿ ಅಂಗೈ ಕೆಳಗೆ ಹಾಯುವುದು ಸ್ಪಷ್ಟವಾಗಿ ತಿಳಿಯುತ್ತದೆ. ಅನುಮಾನ ಉಳಿದರೆ ಕಾಲನ್ನು ಆಡಿಸುತ್ತಲೇ ಮಾಡುವ ಅಲ್ಟ್ರಾಸೌಂಡ್ ನೆರವಾಗುತ್ತದೆ. ಸುಮ್ಮನೆ ಮಲಗಿಸಿ ತೆಗೆದ ಚಿತ್ರದಲ್ಲಿ ಈ ಜಾರುವಿಕೆ ಕಾಣುವುದಿಲ್ಲ.

ಈ ಎರಡಕ್ಕೂ ಸೇರದವರ ಬಗ್ಗೆ ಮಾತ್ರ ತುಂಬಾ ಎಚ್ಚರವಿರಲಿ. ಕೀಲು ನಡುವೆಯೇ ಸಿಕ್ಕಿಕೊಳ್ಳುತ್ತದೆ, ಕಾಲು ಇದ್ದಕ್ಕಿದ್ದಂತೆ ಸೋಲುತ್ತದೆ, ತೊಡೆಯನ್ನು ಒಳಕ್ಕೆ ತಿರುಗಿಸಲು ಆಗುವುದೇ ಇಲ್ಲ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ, ಜ್ವರ ಅಥವಾ ತೂಕ ಇಳಿಕೆ ಇದೆ ಎಂದರೆ ವ್ಯಾಯಾಮ ಹೇಳಿ ಕಳುಹಿಸುವಂತಿಲ್ಲ. ಕೀಲಿನ ಗುಳಿಯ ಅಂಚಿನಲ್ಲಿರುವ ಲೇಬ್ರಮ್ ಎಂಬ ಮೃದ್ವಸ್ಥಿಯ ಉಂಗುರ ಹರಿದಿರಬಹುದು. ಸ್ಟೀರಾಯ್ಡ್ ಔಷಧ ತೆಗೆದುಕೊಂಡವರಲ್ಲಿ, ಹೆಚ್ಚು ಮದ್ಯ ಸೇವಿಸುವವರಲ್ಲಿ, ಕೆಂಪು ರಕ್ತಕಣಗಳು ಕುಡುಗೋಲಿನಾಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ರಕ್ತ ಪೂರೈಕೆ ನಿಂತು ತೊಡೆಮೂಳೆಯ ತಲೆಯ ಭಾಗ ಸಾಯುತ್ತಿರಬಹುದು. ಕ್ಷಯ ಕೀಲಿಗೂ ಬರುತ್ತದೆ. ಹತ್ತರಿಂದ ಹದಿನಾರರ ನಡುವಿನ ಮಗು ತೊಡೆಸಂದು ನೋವೆಂದು, ಅಷ್ಟೇ ಏಕೆ, ಬರೀ ಮೊಣಕಾಲು ನೋವೆಂದು ಕುಂಟುತ್ತ ಬಂದರೂ ಅದೇ ದಿನ ಮೂಳೆ ತಜ್ಞರಿಗೆ ತೋರಿಸಿ. ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಿಂದ ಜಾರುವ ಕಾಯಿಲೆ ಆ ವಯಸ್ಸಿನದು. ಅಲ್ಲಿ ತಡ ಮಾಡಿದರೆ ಮಗುವಿನ ಕೀಲನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಈ ಕೆಲಸದ ಸೂಕ್ಷ್ಮವನ್ನು ನನಗೆ ಹೆಚ್ಚು ಕಲಿಸಿದವರು ಭರತನಾಟ್ಯ ಕಲಿಯುವ ಹುಡುಗಿಯರು. ಅರಮಂಡಿಯಲ್ಲಿ ಎರಡೂ ತೊಡೆಗಳು ಹೊರಕ್ಕೆ ತಿರುಗಿ ಮಂಡಿ ಬಾಗಿರುತ್ತದೆ. ನಾಟಡವು ಎಂಬ ಹೆಜ್ಜೆಗಟ್ಟಿನಲ್ಲಿ ಅಲ್ಲಿಂದ ಕಾಲು ಚಾಚಿ, ಹಿಮ್ಮಡಿ ಊರಿ, ಮತ್ತೆ ಅರಮಂಡಿಗೆ ಮರಳಬೇಕು. ಹೀಗೆ ಹೋಗಿ ಬರುವ ಹಾದಿಯಲ್ಲೇ ಇಲಿಯೋಸೋವಾಸ್ ರಜ್ಜು ಟಕ್ ಎನ್ನುವುದು. ಮೊದಲ ಕಾಲದಲ್ಲಿ, ಅಂದರೆ ನಿಧಾನದ ಲಯದಲ್ಲಿ, ತೊಂದರೆಯಿಲ್ಲದೆ ಮಾಡಿದವರಿಗೂ ಮೂರನೇ ಕಾಲದ ವೇಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಬ್ಯಾಲೆಯವರಿಗೆ ಪುಟಿಯುವ ಮರದ ನೆಲಹಾಸು ಇರುತ್ತದೆ. ನಮ್ಮ ಮಕ್ಕಳು ಬರಿಗಾಲಲ್ಲಿ ತಟ್ಟುವುದು ಹೆಚ್ಚಾಗಿ ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸ್ ಅಥವಾ ಗ್ರಾನೈಟ್ ಮೇಲೆ.

ರಂಗಪ್ರವೇಶದ ದಿನ ಹತ್ತಿರವಾಗಿದ್ದ ಕಾಲೇಜು ಹುಡುಗಿಯೊಬ್ಬಳನ್ನು ಅವಳ ತಾಯಿ ಕರೆತಂದಿದ್ದರು. ಕುಳಿತ ಕೂಡಲೇ ತಾಯಿ, ‘ಮೇಡಂ, ಮೂಳೆ ಜಾರುತ್ತಿದೆ, ತೋರಿಸಮ್ಮ ಒಂದು ಸಲ’ ಎಂದರು. ಹುಡುಗಿ ಕಾಲೆತ್ತಿ ಟಕ್ ಎನಿಸಿದಳು, ಮತ್ತೊಮ್ಮೆ ಎನಿಸಿದಳು. ಮನೆಗೆ ಬಂದವರಿಗೆಲ್ಲ ಹಾಗೆ ತೋರಿಸಿ ಅಭ್ಯಾಸವಾಗಿಬಿಟ್ಟಿತ್ತು. ಅವಳಿಗೆ ನಾನು ಹೇಳಿದ ಮೊದಲ ಚಿಕಿತ್ಸೆ ಅದನ್ನು ನಿಲ್ಲಿಸುವುದು. ಬೇಕೆಂದೇ ಸದ್ದು ಮಾಡಿದಾಗಲೆಲ್ಲ ಕೆರಳಿದ ರಜ್ಜು ಮತ್ತು ಅದರಡಿಯ ಬರ್ಸಾ ಎಂಬ ದ್ರವದ ಚೀಲ ಮತ್ತಷ್ಟು ಕೆರಳುತ್ತವೆ. ಅಲ್ಲಿರುವ ಬರ್ಸಾ ದೇಹದಲ್ಲೇ ಅತಿ ದೊಡ್ಡದು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಾರಕ್ಕೆ ಮೂರು ದಿನವಿದ್ದ ಅಭ್ಯಾಸ ದಿನಕ್ಕೆ ಎರಡು ಹೊತ್ತಾಗಿತ್ತು. ಬೋರಲು ಮಲಗಿಸಿ ಅಳೆದಾಗ ಅವಳ ತೊಡೆ ಹೊರಕ್ಕೆ ತಿರುಗುವುದು ಸಾಧಾರಣ ಮಟ್ಟದಲ್ಲಿತ್ತು. ಆದರೆ ಅರಮಂಡಿಯಲ್ಲಿ ಪಾದಗಳನ್ನು ಅದಕ್ಕಿಂತ ಬಹಳ ಹೆಚ್ಚು ತೆರೆದಿಡುತ್ತಿದ್ದಳು. ಕೀಲು ಕೊಡದ ತಿರುವನ್ನು ಮೊಣಕಾಲು ಮತ್ತು ಪಾದ ತುಂಬಿಕೊಡುತ್ತಿದ್ದವು, ಜೊತೆಗೆ ಸೊಂಟ ಮುಂದಕ್ಕೆ ಬಾಗಿ ಬೆನ್ನು ಹಳ್ಳ ಬೀಳುತ್ತಿತ್ತು. ಬೆನ್ನು ಹಾಗೆ ಹಳ್ಳವಾದಾಗ ಇಲಿಯೋಸೋವಾಸ್ ರಜ್ಜು ಕೀಲಿನ ಮುಂಭಾಗದ ಮೇಲೆ ಇನ್ನೂ ಬಿಗಿಯಾಗುತ್ತದೆ.

ಗುರುಗಳಿಗೂ ತಂದೆತಾಯಿಯರಿಗೂ ಇಲ್ಲಿ ಒಂದು ವಿಷಯ ಹೇಳಲೇಬೇಕು. ತೊಡೆಮೂಳೆಯ ಕತ್ತು ಮುಂದಕ್ಕೆ ತಿರುಗಿರುವ ಕೋನ ಹುಟ್ಟುವಾಗ 30ರಿಂದ 40 ಡಿಗ್ರಿ ಇದ್ದು, ಬೆಳೆದಂತೆ ಸುಮಾರು 15 ಡಿಗ್ರಿಗೆ ಇಳಿಯುತ್ತದೆ. ಕೆಲವರಲ್ಲಿ ಹೆಚ್ಚಾಗಿಯೇ ಉಳಿಯುತ್ತದೆ, ಅವರ ತೊಡೆ ಹೊರಕ್ಕೆ ಕಡಿಮೆ ತಿರುಗುತ್ತದೆ. ಅದು ಮೂಳೆಯ ಆಕಾರ. ಮಂಡಿಯ ಮೇಲೆ ಕೂತು ಒತ್ತಿದರೂ ಬೈದರೂ ಬದಲಾಗುವುದಿಲ್ಲ. ಅಂಥ ಮಗುವನ್ನು ಸೋಮಾರಿ ಎಂದು ಕರೆಯುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಅವಳು ಅದಾಗಲೇ ದಿನವೂ ತೊಡೆಸಂದನ್ನು ಹಿಗ್ಗಿಸುವ ವ್ಯಾಯಾಮ ಮಾಡುತ್ತಿದ್ದಳು. ಇದು ಬಹಳ ಸಾಮಾನ್ಯ. ಬಿಗಿಯೆನಿಸಿದ್ದನ್ನು ಹಿಗ್ಗಿಸಬೇಕು ಎಂದು ಎಲ್ಲರೂ ಭಾವಿಸುತ್ತಾರೆ. ಕುಳಿತಲ್ಲಿ ಮಂಡಿಯನ್ನು ಸೊಂಟಕ್ಕಿಂತ ಮೇಲಕ್ಕೆ ಎತ್ತಿಸಿ ಕೈಯಿಂದ ಒತ್ತಿ ನೋಡಿದೆ, ನೋವಿನ ಬದಿ ತಕ್ಷಣ ಕುಸಿಯಿತು. ಬಿಗಿಯಾಗಿ ಕಾಣುತ್ತಿದ್ದ ಸ್ನಾಯು ವಾಸ್ತವದಲ್ಲಿ ದುರ್ಬಲವಾಗಿತ್ತು. ಹೀಗಾಗಿ ಹಿಗ್ಗಿಸುವುದನ್ನು ಕಡಿಮೆ ಮಾಡಿಸಿ ಬಲ ಕಟ್ಟುವುದಕ್ಕೆ ಹೊರಳಿದೆವು. ಮೊದಲಿಗೆ ಕುಳಿತು ಮಂಡಿಯನ್ನು ಎತ್ತಿ, ಅಂಗೈಗೆ ಒತ್ತಿ, ಅಲುಗಾಡಿಸದೆ ಅರ್ಧ ನಿಮಿಷ ಹಿಡಿಯುವುದು. ನೋವು ಇಳಿದ ಮೇಲೆ ಅಂಗಾತ ಮಲಗಿ ಪಾದಕ್ಕೆ ರಬ್ಬರ್ ಪಟ್ಟಿ ಹಾಕಿ ಮಂಡಿಯನ್ನು ಎದೆಯ ಕಡೆಗೆ ತಂದು, ಮೂರು ನಾಲ್ಕು ಸೆಕೆಂಡುಗಳಷ್ಟು ನಿಧಾನವಾಗಿ ಇಳಿಸುವುದು. ಈ ಇಳಿಸುವಿಕೆಯೇ ಮುಖ್ಯ, ಏಕೆಂದರೆ ಕಾಲು ಇಳಿಯುವಾಗಲೇ ಟಕ್ ಎನ್ನುವುದು. ಸದ್ದು ಬರುವ ಹಂತಕ್ಕೆ ಮುನ್ನವೇ ನಿಲ್ಲಿಸಿ, ವಾರ ಕಳೆದಂತೆ ಚಲನೆಯನ್ನು ಹೆಚ್ಚಿಸುತ್ತೇವೆ. ಜೊತೆಗೆ ಪೃಷ್ಠದ ಸ್ನಾಯುಗಳು, ತೊಡೆಯನ್ನು ಹೊರಕ್ಕೆ ತಿರುಗಿಸುವ ಆಳದ ಸ್ನಾಯುಗಳು, ಬೆನ್ನು ಹಳ್ಳ ಬೀಳದಂತೆ ಹಿಡಿಯುವ ಹೊಟ್ಟೆಯ ಸ್ನಾಯುಗಳಿಗೂ ವ್ಯಾಯಾಮವಿರುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು. ನೋವನ್ನು ಹತ್ತರ ಅಳತೆಯಲ್ಲಿ ಹೇಳುವುದಾದರೆ ಮೂರರಷ್ಟು ಬಂದರೆ ಅಡ್ಡಿಯಿಲ್ಲ, ಆದರೆ ಮರುದಿನ ಬೆಳಿಗ್ಗೆಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು.

ನೃತ್ಯವನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮಕ್ಕಳು ಗುಟ್ಟಾಗಿ ಕುಣಿಯುತ್ತಾರೆ, ಇಲ್ಲವೇ ಮನಸ್ಸು ಮುರಿದುಕೊಳ್ಳುತ್ತಾರೆ. ಅವಳ ಗುರುಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಅಭಿನಯವನ್ನು ಕುಳಿತು ಅಭ್ಯಾಸ ಮಾಡುವುದು, ಅಡವುಗಳನ್ನು ಎರಡನೇ ಕಾಲದವರೆಗೆ ಮಾತ್ರ ಮಾಡುವುದು, ವೇಗದ ಹೆಜ್ಜೆಗಳಿರುವ ತಿಲ್ಲಾನವನ್ನು ಕೆಲವು ವಾರ ಕೈಯಲ್ಲಷ್ಟೇ ಗುರುತು ಹಾಕಿಕೊಳ್ಳುವುದು, ಪಾದಗಳನ್ನು ಕೀಲು ಕೊಡುವಷ್ಟೇ ತೆರೆಯುವುದು. ಗುರುಗಳು ಒಪ್ಪಿದ್ದಷ್ಟೇ ಅಲ್ಲ, ರಂಗಪ್ರವೇಶವನ್ನೇ ಮುಂದೂಡಿದರು. ಆ ಉಪಕಾರವನ್ನು ನಾನು ಮರೆಯಲಾರೆ. ಹುಡುಗಿ ವೇದಿಕೆ ಏರಿದಾಗ ನೋವಿರಲಿಲ್ಲ. ಸದ್ದು ಆಗೊಮ್ಮೆ ಈಗೊಮ್ಮೆ ಬರುತ್ತಲೇ ಇತ್ತು.

ಹೊರಬದಿಯ ತೊಂದರೆಯಲ್ಲಿ ಓಟಗಾರರ ಜೊತೆಗೆ ನಾನು ಕಾಣುವುದು ಪುಟ್ಟ ಮಕ್ಕಳ ತಾಯಂದಿರನ್ನು. ಮಗುವನ್ನು ಯಾವಾಗಲೂ ಒಂದೇ ಸೊಂಟದ ಮೇಲೆ ಕೂರಿಸಿಕೊಂಡು, ಆ ಬದಿಯನ್ನು ಹೊರಕ್ಕೆ ತಳ್ಳಿ ನಿಂತರೆ ಇಲಿಯೋಟಿಬಿಯಲ್ ಪಟ್ಟಿ ಹೊರಗುಬ್ಬನ್ನು ಒತ್ತುತ್ತಲೇ ಇರುತ್ತದೆ. ಬದಿ ಬದಲಿಸಿ ಎತ್ತಿಕೊಳ್ಳುವುದು, ಪಕ್ಕಕ್ಕೆ ಮಲಗುವಾಗ ಮಂಡಿಗಳ ನಡುವೆ ದಿಂಬು ಇಡುವುದು, ಕಾಲ ಮೇಲೆ ಕಾಲು ಹಾಕಿ ಕೂರದಿರುವುದು, ಇಷ್ಟಕ್ಕೇ ಅರ್ಧ ಉಪಶಮನ ಸಿಕ್ಕವರಿದ್ದಾರೆ. ಕಾಲು ಅಡ್ಡಹಾಕಿ ಈ ಪಟ್ಟಿಯನ್ನು ಎಳೆಯುವ ವ್ಯಾಯಾಮವನ್ನು ಮೊಬೈಲಿನಲ್ಲಿ ನೋಡಿ ಮಾಡುವವರು ಬಹಳ. ಪಟ್ಟಿ ಅಷ್ಟು ಸುಲಭವಾಗಿ ಉದ್ದವಾಗುವಂಥದ್ದಲ್ಲ, ಆ ಭಂಗಿ ಹೊರಗುಬ್ಬಿನ ಮೇಲಿನ ಒತ್ತಡವನ್ನೇ ಹೆಚ್ಚಿಸುತ್ತದೆ. ಪೃಷ್ಠದ ಸ್ನಾಯುಗಳಿಗೆ ಬಲ ತುಂಬುವುದೇ ಇಲ್ಲಿ ಮುಖ್ಯ ಮದ್ದು.

ಗುಣವಾಗಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ಆಮೇಲೂ ನೋವು ಬಿಡದಿದ್ದರೆ ಬರ್ಸಾಕ್ಕೆ ಇಂಜೆಕ್ಷನ್, ತೀರಾ ಅಪರೂಪಕ್ಕೆ ರಜ್ಜುವನ್ನು ಸಡಿಲಿಸುವ ಶಸ್ತ್ರಚಿಕಿತ್ಸೆ ಇದೆ. ಇಲಿಯೋಸೋವಾಸ್ ರಜ್ಜು ಕತ್ತರಿಸಿದ ಮೇಲೆ ಕಾಲೆತ್ತುವ ಬಲ ಕುಗ್ಗಬಹುದು, ಕುಣಿಯುವವರಿಗೆ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ತಜ್ಞರ ಬಳಿಗೆ ಕಳುಹಿಸುವ ಪತ್ರದಲ್ಲಿ ಯಾವ ವ್ಯಾಯಾಮವನ್ನು ಎಷ್ಟು ವಾರ, ಎಷ್ಟು ಭಾರದೊಂದಿಗೆ ಮಾಡಿಸಿದೆವು, ನೋವು ಯಾವ ಚಲನೆಯಲ್ಲಿ ಉಳಿದಿದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ‘ಫಿಸಿಯೋಥೆರಪಿ ಮಾಡಿಸಲಾಗಿದೆ’ ಎಂಬ ಒಂದು ಸಾಲು ಓದಿ ಅವರು ಏನನ್ನೂ ತೀರ್ಮಾನಿಸಲಾರರು.