ಅಷ್ಟು ಸಣ್ಣ ಜಾಗ ಇಷ್ಟೆಲ್ಲ ಕೆಲಸ ಹೇಗೆ ಮಾಡುತ್ತದೆ?

ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ ಮುಂಭಾಗದಲ್ಲಿರುವ ಪ್ರೀಆಪ್ಟಿಕ್ ಪ್ರದೇಶವು ಮೈಯ ಬಿಸಿ, ನಿದ್ದೆ, ಬಾಯಾರಿಕೆ, ಮರಿಗಳ ಆರೈಕೆ ಎಲ್ಲದರಲ್ಲೂ ಪಾತ್ರ ವಹಿಸುತ್ತದೆ ಎಂದು ರಾಯಚೂರಿನ ತರಗತಿಗಳಲ್ಲಿ ಪಾಠ ಹೇಳಿದಾಗಲೆಲ್ಲ, “ಸರ್, ಅಷ್ಟು ಸಣ್ಣ ಜಾಗ ಇಷ್ಟೆಲ್ಲ ಕೆಲಸ ಹ್ಯಾಂಗ ಮಾಡ್ತದ್ರಿ?” ಎಂಬ ಪ್ರಶ್ನೆ ಬರುತ್ತದೆ.

ಅಲ್ಲಿ ಒತ್ತೊತ್ತಾಗಿ ಕುಳಿತಿರುವ ನರಕೋಶಗಳು ಒಂದೇ ಬಗೆಯವಲ್ಲ ಎಂಬುದೇ ನನ್ನ ಉತ್ತರ. ವಂಶವಾಹಿಗಳು ಎಲ್ಲ ಕೋಶಗಳಲ್ಲೂ ಅವೇ ಆದರೂ, ಯಾವ ವಂಶವಾಹಿಯಿಂದ ಆರ್‌ಎನ್‌ಎ, ಅಂದರೆ ಅದರ ಸಂದೇಶದ ನಕಲು, ತಯಾರಾಗುತ್ತಿದೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆಯಾಗುತ್ತದೆ. ಅದನ್ನು ಓದಲು ಅಂಗಾಂಶವನ್ನು ಬಿಡಿ ಕೋಶಗಳಾಗಿ ಬೇರ್ಪಡಿಸಿದರೆ ಬಗೆ ತಿಳಿಯುತ್ತದೆ, ನೆಲೆ ಕಳೆದುಹೋಗುತ್ತದೆ. ನಮ್ಮ ಮಾರುಕಟ್ಟೆಯ ರಾಶಿಯಲ್ಲಿರುವ ಹತ್ತಿಯ ತಳಿ ಗುರುತಿಸಬಹುದಾದರೂ ಅದು ಯಾವ ಹೊಲದ್ದೆಂದು ಹೇಳಲಾಗದ ಹಾಗೆ.

ಈ ತೊಡಕನ್ನು ಬಿಡಿಸಿದ್ದು ಮರ್‌ಫಿಶ್ ಎಂಬ ವಿಧಾನ. ಮಿದುಳಿನ ತೆಳುವಾದ ಪದರವನ್ನು ಹಾಗೆಯೇ ಇಟ್ಟುಕೊಂಡು, ಆರ್‌ಎನ್‌ಎಗೆ ಅಂಟುವ ಪುಟ್ಟ ಡಿಎನ್‌ಎ ತುಣುಕುಗಳನ್ನು ಸೇರಿಸಿ, ಸುತ್ತಿನ ಮೇಲೆ ಸುತ್ತು ಹೊಳೆಯುವ ಬಣ್ಣ ಹಚ್ಚಿ ಚಿತ್ರ ತೆಗೆಯುತ್ತಾರೆ. ಚಿತ್ರದಲ್ಲಿ ಒಂದು ಆರ್‌ಎನ್‌ಎ ಅಣುವಿನ ಚುಕ್ಕೆ ಯಾವ ಸುತ್ತಿನಲ್ಲಿ ಹೊಳೆಯಿತು, ಯಾವುದರಲ್ಲಿ ಹೊಳೆಯಲಿಲ್ಲ ಎಂಬ ಸರಣಿಯೇ ಆ ವಂಶವಾಹಿಯ ಗುರುತು. ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ಮತ್ತು ಶಿಯಾವೆ ಜುವಾಂಗ್ ಅವರ ತಂಡಗಳು 2018ರಲ್ಲಿ ಇಲಿಯ ಪ್ರೀಆಪ್ಟಿಕ್ ಪ್ರದೇಶದಲ್ಲಿ ಹೀಗೆ 10 ಲಕ್ಷಕ್ಕೂ ಹೆಚ್ಚು ಕೋಶಗಳನ್ನು ನೋಡಿ, ಸುಮಾರು 70 ಬಗೆಯ ನರಕೋಶಗಳನ್ನು ಅವುಗಳ ನೆಲೆಯ ಸಮೇತ ಗುರುತಿಸಿದವು. ಗ್ಯಾಲನಿನ್ ಎಂಬ ಸಂಕೇತದ ಅಣುವನ್ನು ತಯಾರಿಸುವ ನರಕೋಶಗಳನ್ನೇ ನೋಡಿ: ಕೆಲವು ಮರಿಗಳ ಆರೈಕೆಗೆ, ಬೇರೆ ನೆಲೆಯಲ್ಲಿರುವ ಇನ್ನು ಕೆಲವು ನಿದ್ದೆಗೆ ಸಂಬಂಧಿಸಿವೆ. ಅಣುವೊಂದರ ಹೆಸರಿನಿಂದಲೇ ಕೋಶದ ಕೆಲಸವನ್ನು ಊಹಿಸುವುದು ತಪ್ಪೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ನಮ್ಮ ಜಿಲ್ಲೆಯ ಬೇಸಿಗೆಗೆ ಈ ವಿಂಗಡಣೆ ನೇರವಾಗಿ ತಾಗುತ್ತದೆ. ಸೋಂಕು ತಗುಲಿದಾಗ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ, ಈ ಪ್ರದೇಶದಲ್ಲಿ ತನ್ನನ್ನು ಹಿಡಿದುಕೊಳ್ಳುವ ಇಪಿ3 ಎಂಬ ಗ್ರಾಹಕವಿರುವ ನರಕೋಶಗಳ ಮೇಲೆ ಕೆಲಸ ಮಾಡಿ ಜ್ವರ ಏರಿಸುತ್ತದೆ. ಪ್ಯಾರಾಸಿಟಮಾಲ್ ಆ ವಸ್ತುವನ್ನೇ ಕಡಿಮೆ ಮಾಡುವುದರಿಂದ ಜ್ವರ ಇಳಿಯುತ್ತದೆ. ಬಿಸಿಲಿನ ಹೊಡೆತದಲ್ಲಿ ಮೈ ಕಾಯುವುದು ಆ ದಾರಿಯಿಂದಲ್ಲ. ಶಾಖವನ್ನು ಹೊರಹಾಕಲು ದೇಹವು ಎಲ್ಲ ಪ್ರಯತ್ನ ಮಾಡಿಯೂ ಸೋತಿರುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಹೊಲದಿಂದ ಮೈ ಸುಡುತ್ತಾ, ತಡಬಡಿಸಿ ಮಾತಾಡುತ್ತಾ ಬಂದವರಿಗೆ ಜ್ವರದ ಗುಳಿಗೆ ಉಪಯೋಗಕ್ಕೆ ಬರುವುದಿಲ್ಲ. ಅವರನ್ನು ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.